ಬೆಳ್ಳಿತೆರೆಯ ಇಬ್ಬರು ಪೋಷಕ ನಟರು: ಪೀಟರ್ ಲಾರೆ ಮತ್ತು ಸಿಡ್ನಿ ಗ್ರೀನ್‌ಸ್ಟ್ರೀಟ್

ಚಲನಚಿತ್ರವೆಂದ ಕೂಡಲೆ ಜನರ ಕಣ್ಣ ಮುಂದೆ ಬಂದು ನಿಲ್ಲುವುದು ನಾಯಕ-ನಾಯಕಿಯರ ಮುಖ. ಗೋಡೆಗೆ ಅಂಟಿಸಿದ ಭಿತ್ತಿಪತ್ರಗಳಲ್ಲಿ ದೊಡ್ಡದಾಗಿ ಕಾಣುವವರು ಅವರು. ಪತ್ರಿಕೆಗಳು ಬರೆಯುವುದೂ ಅವರನ್ನು ಕುರಿತೇ. ಆದರೆ ಚಿತ್ರ ನೋಡಿ ಹತ್ತಾರು ವರ್ಷಗಳು ಕಳೆದ ಮೇಲೆ, ಕಥೆಯೇ ಮರೆತುಹೋಗಿರುವಾಗಲೂ, ನೆನಪಿನಲ್ಲಿ ಉಳಿಯುವುದು ಅನೇಕ ವೇಳೆ ಬೇರೊಂದು ಮುಖ. ಅದು ಬಡ್ಡಿಯ ಲೆಕ್ಕ ಹೇಳುವ ಸಾಹುಕಾರನದಾಗಿರಬಹುದು, ಮನೆಯ ಹಳೆಯ ಆಳಿನದಾಗಿರಬಹುದು, ಮೂಲೆಯಲ್ಲಿ ಕುಳಿತು ಎಲ್ಲವನ್ನೂ ಗಮನಿಸುವ ಸಂಚುಗಾರನದಾಗಿರಬಹುದು. ಇಂಥ ಪಾತ್ರಗಳನ್ನು ವಹಿಸುವವರಿಗೆ ಕನ್ನಡದಲ್ಲಿ 'ಪೋಷಕ ನಟರು' ಎಂಬ ಹೆಸರು ರೂಢಿಯಲ್ಲಿದೆ. ಬಹಳ ಅರ್ಥವತ್ತಾದ ಹೆಸರು. ಪೋಷಿಸುವವನು ಪೋಷಕ, ತಾನು ಬೆಳೆಯುವುದಕ್ಕಿಂತ ಇನ್ನೊಂದನ್ನು ಬೆಳೆಸುವುದು ಅವನ ಕೆಲಸ.

ಈ ಮಾತಿಗೆ ಒಂದು ನಿದರ್ಶನ ಬೇಕೆಂದರೆ, ಹಾಲಿವುಡ್ಡಿನ ಸುವರ್ಣಯುಗವೆನಿಸಿದ ದಿನಗಳಲ್ಲಿ ವಾರ್ನರ್ ಬ್ರದರ್ಸ್ ಸಂಸ್ಥೆಯಲ್ಲಿ ದುಡಿದ ಪೀಟರ್ ಲಾರೆ ಮತ್ತು ಸಿಡ್ನಿ ಗ್ರೀನ್‌ಸ್ಟ್ರೀಟ್ ಅವರನ್ನು ನೆನೆಯಬಹುದು. 1941ರಿಂದ 1946ರವರೆಗಿನ ಅಲ್ಪಾವಧಿಯಲ್ಲಿ ಇವರಿಬ್ಬರ ಹೆಸರೂ ಒಂಬತ್ತು ಚಿತ್ರಗಳಲ್ಲಿ ಜೊತೆಯಾಗಿ ಕಾಣಿಸಿಕೊಂಡಿತು. ಒಬ್ಬರು ಗಿಡ್ಡ ನಿಲುವಿನವರು, ಉಬ್ಬಿದ ದೊಡ್ಡ ಕಣ್ಣುಗಳವರು, ಮೂಗಿನಲ್ಲಿ ಪಿಸುಗುಟ್ಟುವಂತೆ ಮಾತನಾಡುವವರು. ಇನ್ನೊಬ್ಬರು ಸುಮಾರು 300 ಪೌಂಡು, ಎಂದರೆ 135 ಕಿಲೋದಷ್ಟು ತೂಕದ ಸ್ಥೂಲಕಾಯರು, ಹೊಟ್ಟೆ ಕುಲುಕಿಸಿ ನಗುವವರು. ಇಬ್ಬರಲ್ಲಿ ಯಾರನ್ನೂ ರೂಢಿಯ ಅರ್ಥದಲ್ಲಿ ನಾಯಕನೆನ್ನುವಂತಿರಲಿಲ್ಲ. ಹಾಗಿದ್ದೂ ಐದು ವರ್ಷಗಳೊಳಗೆ ಇವರನ್ನೇ ನಂಬಿಕೊಂಡು ಸಂಸ್ಥೆಯು ಚಿತ್ರಗಳನ್ನು ತೆಗೆಯುವಂತಾಯಿತು. ಇದು ಹೇಗೆ ಸಾಧ್ಯವಾಯಿತು, ಒಬ್ಬರಿಂದ ಇನ್ನೊಬ್ಬರು ಪಡೆದದ್ದೇನು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಬ್ಯಾಂಕಿನ ಗುಮಾಸ್ತೆಯಿಂದ ನಟನಾಗುವವರೆಗೆ

ಪೀಟರ್ ಲಾರೆಯವರ ನಿಜನಾಮ ಲಾಸ್ಲೊ ಲೋವೆನ್‌ಸ್ಟೈನ್. 1904ರ ಜೂನ್ 26ರಂದು ಅಂದಿನ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯಕ್ಕೆ ಸೇರಿದ್ದ, ಇಂದು ಸ್ಲೊವಾಕಿಯಾ ದೇಶದಲ್ಲಿರುವ ರುಜೊಂಬೆರೊಕ್ ಎಂಬ ಊರಿನ ಯೆಹೂದಿ ಕುಟುಂಬವೊಂದರಲ್ಲಿ ಅವರ ಜನನ. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡರು. ಬೆಳೆದ ಮೇಲೆ ವಿಯೆನ್ನಾ ನಗರದ ಬ್ಯಾಂಕೊಂದರಲ್ಲಿ ಗುಮಾಸ್ತೆಯಾಗಿ ಸೇರಿದರು. ಆದರೆ ಮನಸ್ಸೆಲ್ಲ ಇದ್ದದ್ದು ರಂಗಭೂಮಿಯಲ್ಲಿ. ಬಹಳ ಕಾಲ ಕಳೆಯುವ ಮುನ್ನವೇ ಲೆಕ್ಕದ ಪುಸ್ತಕವನ್ನು ಮುಚ್ಚಿಟ್ಟು ನಾಟಕ ಕಂಪೆನಿಗಳ ಬೆನ್ನು ಹತ್ತಿದರು. ಬ್ರೆಸ್ಲೌ, ಜ್ಯೂರಿಕ್, ವಿಯೆನ್ನಾ, ಕೊನೆಗೆ ಬರ್ಲಿನ್ ಎಂದು ಊರಿಂದೂರಿಗೆ ಅಲೆದು, ನಾಟಕಕಾರ ಬರ್ಟೋಲ್ಟ್ ಬ್ರೆಕ್ಟರ ವಿಶ್ವಾಸಕ್ಕೆ ಪಾತ್ರರಾದರು.

1931ರಲ್ಲಿ ಫ್ರಿಟ್ಸ್ ಲಾಂಗ್ ನಿರ್ದೇಶಿಸಿದ 'ಎಂ' ಎಂಬ ಜರ್ಮನ್ ಚಿತ್ರ ಅವರಿಗೆ ಒಮ್ಮೆಲೇ ಜಗತ್ಪ್ರಸಿದ್ಧಿಯನ್ನು ತಂದಿತು. ಅದರಲ್ಲಿ ಅವರದು ಮಕ್ಕಳನ್ನು ಕೊಲ್ಲುವ ಮನೋರೋಗಿಯ ಪಾತ್ರ. ಕೊನೆಯಲ್ಲಿ ಆ ಕೊಲೆಗಾರನು ತನ್ನೊಳಗಿನ ಪಿಶಾಚಿಯಿಂದ ತಾನೇ ತಪ್ಪಿಸಿಕೊಳ್ಳಲಾರದೆ ನರಳುವ ದೃಶ್ಯದಲ್ಲಿ, ಹೇಸಬೇಕಾದ ಪ್ರೇಕ್ಷಕನ ಮನಸ್ಸಿನಲ್ಲಿಯೂ ಮರುಕ ಹುಟ್ಟುತ್ತದೆ. ಇದು ಸಾಮಾನ್ಯ ಸಾಧನೆಯಲ್ಲ. ಆದರೆ ಅದೇ ಪಾತ್ರ ಅವರಿಗೆ ಜೀವನವಿಡೀ ಅಂಟಿದ ಮುದ್ರೆಯೂ ಆಯಿತು. ನಿರ್ಮಾಪಕರ ಕಣ್ಣಿಗೆ ಲಾರೆ ಎಂದರೆ ಕೊಲೆಗಾರ, ವಿಕೃತ ಮನುಷ್ಯ, ಇಲ್ಲವೇ ವಿಚಿತ್ರ ಪರದೇಶಿ.

1933ರಲ್ಲಿ ಜರ್ಮನಿಯ ಅಧಿಕಾರ ಹಿಟ್ಲರನ ಕೈಸೇರಿದಾಗ ಯೆಹೂದಿಯಾದ ಲಾರೆ ಬರ್ಲಿನ್ ಬಿಡಬೇಕಾಯಿತು. ಪ್ಯಾರಿಸ್ ಮುಟ್ಟಿ, ಅಲ್ಲಿಂದ ಲಂಡನ್ನಿಗೆ ಬಂದರು. ಅಲ್ಲಿ ಆಲ್‌ಫ್ರೆಡ್ ಹಿಚ್‌ಕಾಕ್ ತಮ್ಮ ಹೊಸ ಚಿತ್ರಕ್ಕಾಗಿ ಅವರನ್ನು ಕರೆಸಿದರು. ಲಾರೆಯವರಿಗೆ ಆಗ ಇಂಗ್ಲಿಷ್ ಬಾರದು. ಹಿಚ್‌ಕಾಕ್ ಕಥೆ ಹೇಳುವಾಗ ಎಲ್ಲಿ ನಗಬೇಕೆಂದು ಅವರ ಮುಖ ನೋಡಿಯೇ ಊಹಿಸಿ, ಸರಿಯಾದ ಸಮಯಕ್ಕೆ ಗಟ್ಟಿಯಾಗಿ ನಕ್ಕು, ಭಾಷೆ ಬಲ್ಲವರಂತೆ ನಟಿಸಿ ಕೆಲಸ ಗಿಟ್ಟಿಸಿಕೊಂಡೆನೆಂದು ಮುಂದೆ ಅವರೇ ಹೇಳಿಕೊಂಡಿದ್ದಾರೆ. 1934ರ ಆ ಚಿತ್ರದ ಸಂಭಾಷಣೆಯನ್ನು ಅವರು ಮಂತ್ರದಂತೆ ಕಂಠಪಾಠ ಮಾಡಿ ಒಪ್ಪಿಸಿದರು. ಪರಭಾಷೆಯ ಮಹಾನಗರದಲ್ಲಿ ಅನ್ನ ಸಂಪಾದಿಸಬೇಕಾದವರಿಗೆ ಈ ಉಪಾಯ ಹೊಸದೇನಲ್ಲ. ಅದರ ಹಿಂದಿನ ಅಳುಕೂ ಅಪರಿಚಿತವಲ್ಲ.

ಅದೇ ವರ್ಷ ಅಮೆರಿಕ ಸೇರಿದ ಲಾರೆ, 1937ರಿಂದ 1939ರವರೆಗೆ ಮಿಸ್ಟರ್ ಮೋಟೊ ಎಂಬ ಜಪಾನೀ ಪತ್ತೇದಾರನಾಗಿ ಎಂಟು ಚಿತ್ರಗಳಲ್ಲಿ ನಟಿಸಿದರು. ಹೊಟ್ಟೆಪಾಡು ನಡೆಯಿತು, ಕಲಾವಿದನಿಗೆ ತೃಪ್ತಿ ದೊರೆಯಲಿಲ್ಲ. 1940ರಲ್ಲಿ ನಾಜಿ ಸರಕಾರ ಯೆಹೂದಿಗಳ ವಿರುದ್ಧ ದ್ವೇಷ ಕೆರಳಿಸಲು ಹೊರತಂದ ಪ್ರಚಾರಚಿತ್ರವೊಂದರಲ್ಲಿ 'ಎಂ' ಚಿತ್ರದ ಲಾರೆಯವರ ದೃಶ್ಯವನ್ನೇ ತುರುಕಲಾಗಿತ್ತು. ನಟನ ಕಲೆಯನ್ನು ಅವನ ಜನಾಂಗದ ಮೇಲೆಯೇ ಆಯುಧವಾಗಿ ಬಳಸಿದ ಕ್ರೂರ ಪ್ರಸಂಗವಿದು.

ಅರವತ್ತೊಂದರಲ್ಲಿ ಮೊದಲ ಚಿತ್ರ

ಸಿಡ್ನಿ ಗ್ರೀನ್‌ಸ್ಟ್ರೀಟ್ ಅವರ ಕಥೆ ಬೇರೆ ಬಗೆಯದು. 1879ರ ಡಿಸೆಂಬರ್ 27ರಂದು ಇಂಗ್ಲೆಂಡಿನ ಕೆಂಟ್ ಪ್ರಾಂತದ ಸ್ಯಾಂಡ್‌ವಿಚ್ ಪಟ್ಟಣದಲ್ಲಿ, ಚರ್ಮದ ವ್ಯಾಪಾರಿಯೊಬ್ಬರ ಮಗನಾಗಿ ಜನಿಸಿದರು. ಹದಿನೆಂಟರ ಹರೆಯದಲ್ಲಿ ಚಹಾ ಬೆಳೆದು ಹಣ ಮಾಡುವ ಹಂಬಲದಿಂದ ಹಡಗು ಹತ್ತಿ ಸಿಂಹಳಕ್ಕೆ ಹೋದರು. ಮಳೆ ಕೈಕೊಟ್ಟಿತು, ಬೆಳೆಗಾರನಾಗುವ ಕನಸು ಒಣಗಿತು. ತಾಯ್ನಾಡಿಗೆ ಮರಳಿ ಬಿಯರ್ ತಯಾರಿಕೆಯ ಸಂಸ್ಥೆಯೊಂದರ ವ್ಯವಹಾರ ನೋಡಿಕೊಳ್ಳುತ್ತಿದ್ದಾಗ, ಬೇಸರ ಕಳೆಯಲೆಂದು ನಟನೆಯ ಪಾಠಕ್ಕೆ ಸೇರಿದರು. ಬೇಸರ ಕಳೆಯಲು ಆರಿಸಿಕೊಂಡದ್ದೇ ಬಾಳಿನ ವೃತ್ತಿಯಾಯಿತು.

1902ರಲ್ಲಿ ಷರ್ಲಾಕ್ ಹೋಮ್ಸ್ ನಾಟಕವೊಂದರಲ್ಲಿ ಕೊಲೆಗಾರನಾಗಿ ಅವರು ರಂಗವೇರಿದರು. ಕೆಲವೇ ವರ್ಷಗಳಲ್ಲಿ ಬೆನ್ ಗ್ರೀಟ್ ಅವರ ತಂಡದೊಡನೆ ಅಮೆರಿಕಕ್ಕೆ ಹೋಗಿ ಅಲ್ಲಿಯೇ ನೆಲೆಸಿದರು. ಷೇಕ್ಸ್‌ಪಿಯರನ ಹಾಸ್ಯಪಾತ್ರಗಳಿಂದ ಸಂಗೀತ ನಾಟಕಗಳವರೆಗೆ ಎಲ್ಲವನ್ನೂ ಆಡಿದರು. ಮುಂದೆ ಆಲ್‌ಫ್ರೆಡ್ ಲಂಟ್ ಮತ್ತು ಲಿನ್ ಫಾಂಟಾನ್ ಎಂಬ ಪ್ರಖ್ಯಾತ ನಟ ದಂಪತಿಗಳ ಜೊತೆಯಲ್ಲಿ ವರ್ಷಗಟ್ಟಲೆ ದುಡಿದರು. ಸುಮಾರು ನಾಲ್ಕು ದಶಕಗಳ ಈ ರಂಗಜೀವನದಲ್ಲಿ ಚಲನಚಿತ್ರದ ಕರೆಗಳು ಬಂದರೂ ಅವರು ಒಪ್ಪಲಿಲ್ಲ.

ಕೊನೆಗೆ ಅವರನ್ನು ಒಪ್ಪಿಸಿದ್ದು 1941ರ 'ದಿ ಮಾಲ್ಟೀಸ್ ಫಾಲ್ಕನ್'. ಆಗ ಅವರಿಗೆ 61 ವರ್ಷ ವಯಸ್ಸು. ನಮ್ಮಲ್ಲಿ ಹೆಚ್ಚಿನವರು ನೌಕರಿಯಿಂದ ನಿವೃತ್ತರಾಗಿ, ಹಾರ-ಶಾಲು ಸ್ವೀಕರಿಸಿ, ಭವಿಷ್ಯನಿಧಿಯ ಲೆಕ್ಕ ಹಾಕುತ್ತ ಕೂರುವ ವಯಸ್ಸು ಅದು. ಗ್ರೀನ್‌ಸ್ಟ್ರೀಟ್ ಅದೇ ವಯಸ್ಸಿನಲ್ಲಿ ಮೊದಲ ಬಾರಿಗೆ ಕ್ಯಾಮೆರಾದ ಮುಂದೆ ನಿಂತರು. ರಂಗಭೂಮಿಯಲ್ಲಿ ಅಷ್ಟು ಪಳಗಿದ್ದರೂ ಮೊದಲ ದಿನ ಅವರು ಹೆದರಿದ್ದರೆಂದೂ, ಧೈರ್ಯಕ್ಕಾಗಿ ತಮ್ಮ ಕೈಹಿಡಿದುಕೊಳ್ಳುವಂತೆ ಕೇಳಿದರೆಂದೂ ಆ ಚಿತ್ರದ ನಾಯಕಿ ಮೇರಿ ಆಸ್ಟರ್ ನೆನೆದಿದ್ದಾರೆ. ಆ ಮೊದಲ ಚಿತ್ರಕ್ಕೇ ಅವರ ಹೆಸರು ಶ್ರೇಷ್ಠ ಪೋಷಕ ನಟನ ಆಸ್ಕರ್ ಪ್ರಶಸ್ತಿಗೆ ಸೂಚಿತವಾಯಿತು.

ಕಪ್ಪು ಹಕ್ಕಿಯ ಬೆನ್ನು ಹತ್ತಿ

'ದಿ ಮಾಲ್ಟೀಸ್ ಫಾಲ್ಕನ್' ಡ್ಯಾಶಿಯಲ್ ಹ್ಯಾಮೆಟರ 1930ರ ಕಾದಂಬರಿಯನ್ನು ಆಧರಿಸಿದ ಚಿತ್ರ. ಅದೇ ಕಥೆ ಅದಕ್ಕೆ ಮುಂಚೆ ಎರಡು ಬಾರಿ ತೆರೆಗೆ ಬಂದಿತ್ತು. ಮೂರನೆಯ ಬಾರಿ ಅದನ್ನು ಕೈಗೆತ್ತಿಕೊಂಡವರು ಜಾನ್ ಹ್ಯೂಸ್ಟನ್. ಅವರಿಗೂ ಅದೇ ಮೊದಲ ನಿರ್ದೇಶನ. ರತ್ನಖಚಿತವಾದ ಪುರಾತನ ಗಿಡುಗದ ಬೊಂಬೆಯೊಂದಕ್ಕಾಗಿ ಹೋರಾಡುವ ದುರಾಶೆಯ ಜನರ ಕಥೆ ಇದು. ಪತ್ತೇದಾರನಾಗಿ ಹಂಫ್ರಿ ಬೋಗಾರ್ಟ್, ಬೊಂಬೆಯ ಬೆನ್ನು ಹತ್ತಿದ ಕ್ಯಾಸ್ಪರ್ ಗಟ್‌ಮನ್ ಆಗಿ ಗ್ರೀನ್‌ಸ್ಟ್ರೀಟ್, ಅತ್ತರು ಪೂಸಿಕೊಂಡ ಜೋಯಲ್ ಕೈರೋ ಆಗಿ ಲಾರೆ.

ಛಾಯಾಗ್ರಾಹಕ ಆರ್ಥರ್ ಎಡಿಸನ್ ಕ್ಯಾಮೆರಾವನ್ನು ಕೆಳಗಿಟ್ಟು ಗ್ರೀನ್‌ಸ್ಟ್ರೀಟರನ್ನು ಚಿತ್ರಿಸಿದರು. ಅದರಿಂದ ಅವರ ಹೊಟ್ಟೆ ಬೆಟ್ಟದಂತೆ ತೆರೆಯನ್ನು ತುಂಬುತ್ತದೆ. ಅಷ್ಟು ದೊಡ್ಡ ದೇಹದಿಂದ ಹೊರಡುವುದಾದರೋ ಬಹು ನಯವಾದ, ವಿದ್ವಾಂಸನ ಮಾತು. ಭಯ ಹುಟ್ಟಿಸುವುದು ಆ ನಯವೇ.

ಇಬ್ಬರೂ ಹೆಚ್ಚು ಹೊತ್ತು ಜೊತೆಯಲ್ಲಿರುವುದು ಕೊನೆಯ ದೀರ್ಘ ದೃಶ್ಯದಲ್ಲಿ. ಹದಿನೇಳು ವರ್ಷ ಹುಡುಕಿದ ಬೊಂಬೆ ಗಟ್‌ಮನ್ನನ ಕೈಸೇರುತ್ತದೆ. ಅವನು ಚಾಕುವಿನಿಂದ ಕೆರೆದು ನೋಡುತ್ತಾನೆ. ಒಳಗೆ ಬರೀ ಸೀಸ. ಆಗ ಕೈರೋ ಸಿಡಿದೇಳುತ್ತಾನೆ. ಎಲ್ಲ ಕೆಡಿಸಿದವನು ನೀನೇ ಎಂದು ಗಟ್‌ಮನ್ನನನ್ನು ಬಾಯಿಗೆ ಬಂದಂತೆ ಬೈದು, ಕಡೆಗೆ ಮಗುವಿನಂತೆ ಅಳುತ್ತಾನೆ. ಗಟ್‌ಮನ್ ಕ್ಷಣಕಾಲ ತತ್ತರಿಸಿ, ಮತ್ತೆ ಸಾವರಿಸಿಕೊಂಡು, ನಕ್ಕು, ಹದಿನೇಳು ವರ್ಷ ಕಾದವನಿಗೆ ಇನ್ನೊಂದು ವರ್ಷ ಹೆಚ್ಚಲ್ಲವೆಂದು ಇಸ್ತಾಂಬುಲಿಗೆ ಹೊರಡಲು ಸಿದ್ಧನಾಗುತ್ತಾನೆ. ಅಳುತ್ತಿದ್ದ ಕೈರೋ ಕಣ್ಣೊರೆಸಿಕೊಂಡು ತಾನೂ ಬರುವೆನೆನ್ನುತ್ತಾನೆ.

ಈ ದೃಶ್ಯವನ್ನು ನಿಧಾನವಾಗಿ ಗಮನಿಸಿದರೆ ಪೋಷಕ ನಟನೆಯ ರಹಸ್ಯ ಅರ್ಥವಾಗುತ್ತದೆ. ಕೈರೋ ಅಳದಿದ್ದರೆ ಗಟ್‌ಮನ್ನನ ಸಮಾಧಾನಕ್ಕೆ ಬೆಲೆಯಿಲ್ಲ. ಗಟ್‌ಮನ್ ನಗದಿದ್ದರೆ ಕೈರೋನ ಅಳು ಬರಿಯ ರಂಪ. ಒಬ್ಬನು ಒಡೆದದ್ದನ್ನು ಇನ್ನೊಬ್ಬನು ಜೋಡಿಸುತ್ತಾನೆ. ಇಬ್ಬರೂ ಕಳ್ಳರೇ, ಆದರೂ ಒಬ್ಬರನ್ನೊಬ್ಬರು ಬಿಟ್ಟಿರಲಾರದ ಆ ಕಳ್ಳರನ್ನು ಕಂಡರೆ ಪ್ರೇಕ್ಷಕನಿಗೆ ಒಂದು ಬಗೆಯ ಸಲಿಗೆ ಹುಟ್ಟುತ್ತದೆ. ಮುಂದಿನ ಎಂಟು ಚಿತ್ರಗಳಿಗೆ ಬೀಜ ಬಿದ್ದದ್ದು ಇಲ್ಲಿ.

ಸ್ಟುಡಿಯೋ ಪದ್ಧತಿಯ ಲೆಕ್ಕಾಚಾರ

ಈ ಜೋಡಿ ಮತ್ತೆ ಮತ್ತೆ ಒಂದುಗೂಡಿದ್ದು ಕೇವಲ ಕಲೆಯ ಕಾರಣದಿಂದಲ್ಲ. ಅದರ ಹಿಂದೆ ವ್ಯಾಪಾರದ ಲೆಕ್ಕವಿತ್ತು. ಅಂದಿನ ಹಾಲಿವುಡ್ಡಿನ ದೊಡ್ಡ ಸಂಸ್ಥೆಗಳು ಕಾರ್ಖಾನೆಗಳಂತೆ ನಡೆಯುತ್ತಿದ್ದವು. ನಟರು, ಬರಹಗಾರರು, ಛಾಯಾಗ್ರಾಹಕರು ಎಲ್ಲರೂ ವಾರದ ಸಂಬಳದ ನೌಕರರು. ಕರಾರಿನ ಅವಧಿ ಸಾಮಾನ್ಯವಾಗಿ ಏಳು ವರ್ಷ. ಚಿತ್ರದಲ್ಲಿ ನಟಿಸಲಿ ಬಿಡಲಿ, ಕರಾರಿನ ವಾರಗಳಿಗೆ ಸಂಬಳ ಕೊಡಲೇಬೇಕು. ಆದುದರಿಂದ ಸಂಬಳ ಪಡೆಯುತ್ತಿರುವ ನಟನನ್ನು ಸುಮ್ಮನೆ ಕೂರಿಸಿದಷ್ಟೂ ನಷ್ಟ. ಹೊಸ ಕಥೆ ಬಂದೊಡನೆ ಪಾತ್ರವರ್ಗಕ್ಕಾಗಿ ಮೊದಲು ನೋಡುತ್ತಿದ್ದುದು ತಮ್ಮ ಸಂಬಳಪಟ್ಟಿಯನ್ನೇ.

ಈ ವ್ಯವಸ್ಥೆಯಲ್ಲಿ ನೌಕರನ ಸ್ವಾತಂತ್ರ್ಯ ಅಷ್ಟಕ್ಕಷ್ಟೆ. ಒಪ್ಪಿಸಿದ ಪಾತ್ರವನ್ನು ನಿರಾಕರಿಸಿದರೆ ಸಂಬಳವಿಲ್ಲದ ಅಮಾನತು. ಅಮಾನತಿನ ದಿನಗಳನ್ನು ಕರಾರಿನ ಕೊನೆಗೆ ಸೇರಿಸಲಾಗುತ್ತಿತ್ತು. ನಟಿ ಒಲಿವಿಯಾ ಡಿ ಹ್ಯಾವಿಲೆಂಡ್ ಇದೇ ವಾರ್ನರ್ ಸಂಸ್ಥೆಯ ವಿರುದ್ಧ ನ್ಯಾಯಾಲಯಕ್ಕೆ ಹೋಗಿ, ಹೀಗೆ ಕರಾರನ್ನು ಏಳು ವರ್ಷಗಳಾಚೆಗೆ ಎಳೆಯಲಾಗದೆಂಬ ತೀರ್ಪನ್ನು 1944ರಲ್ಲಿ ಪಡೆದರು.

ಆದರೆ ಇದೇ ವ್ಯವಸ್ಥೆಯಿಂದ ಒಂದು ಉಪಕಾರವೂ ಆಯಿತು. ಅದೇ ನಟರು, ಅದೇ ನಿರ್ದೇಶಕರು, ಅದೇ ಛಾಯಾಗ್ರಾಹಕರು ವರ್ಷಗಟ್ಟಲೆ ಜೊತೆಯಲ್ಲಿ ಕೆಲಸ ಮಾಡಿದ್ದರಿಂದ, ಹಳೆಯ ನಾಟಕ ಕಂಪೆನಿಯಲ್ಲಿರುವಂಥ ಹೊಂದಾಣಿಕೆ ಅವರಲ್ಲಿ ಬೆಳೆಯಿತು. ಎದುರಿನವನು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆ, ಎಲ್ಲಿ ತಡೆಯುತ್ತಾನೆ ಎಂಬುದು ತಿಳಿದಿರುತ್ತಿತ್ತು. ಹಣ ಉಳಿಸಲು ಮಾಡಿದ ಏರ್ಪಾಡು ಕಲೆಗೆ ಆಸ್ತಿಯಾಗಿ ಪರಿಣಮಿಸಿತು. ಜಮಾಖರ್ಚಿನ ಪುಸ್ತಕದಲ್ಲಿ ಎಲ್ಲಿಯೂ ಕಾಣದ ಆಸ್ತಿ ಅದು.

ಯುದ್ಧಕಾಲದ ಚಿತ್ರಗಳು

ಎರಡನೆಯ ಚಿತ್ರ 1942ರ 'ಕ್ಯಾಸಾಬ್ಲಾಂಕ'. ಮೈಕೆಲ್ ಕರ್ಟಿಜ್ ನಿರ್ದೇಶಿಸಿದ ಈ ಚಿತ್ರದಲ್ಲಿ ಲಾರೆಯವರದು ಪರವಾನಗಿ ಪತ್ರಗಳನ್ನು ಮಾರುವ ಉಗಾರ್ಟೆಯ ಪಾತ್ರ. ಗ್ರೀನ್‌ಸ್ಟ್ರೀಟರದು ಕಾಳಸಂತೆಯ ದೊರೆ ಫೆರಾರಿಯ ಪಾತ್ರ. ಇಬ್ಬರೂ ಪರಸ್ಪರ ಮಾತನಾಡುವ ದೃಶ್ಯ ಇದರಲ್ಲಿ ಒಂದೂ ಇಲ್ಲ. ಉಗಾರ್ಟೆ ಬೇಗನೆ ಸೆರೆಸಿಕ್ಕಿ ಸಾಯುತ್ತಾನೆ. ಆದರೆ ಅವನು ಬಿಟ್ಟುಹೋದ ಪತ್ರಗಳ ಸುತ್ತಲೇ ಮುಂದಿನ ಕಥೆಯೆಲ್ಲ ತಿರುಗುತ್ತದೆ. ಕೆಲವೇ ನಿಮಿಷಗಳ ಪಾತ್ರ ಇಡೀ ಚಿತ್ರವನ್ನು ಹೊರಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಈ ಚಿತ್ರಕ್ಕೆ ಇನ್ನೊಂದು ವೈಶಿಷ್ಟ್ಯವಿದೆ. ಊರು ಬಿಟ್ಟು ಓಡಿಬಂದು, ಮುಂದಿನ ಊರಿಗೆ ಹೋಗಲು ಕಾಗದಪತ್ರಗಳಿಗಾಗಿ ಕಾಯುತ್ತಿರುವ ನಿರಾಶ್ರಿತರ ಕಥೆ ಅದು. ಅದರ ಪಾತ್ರವರ್ಗದಲ್ಲಿ ಅನೇಕರು ನಿಜಜೀವನದಲ್ಲಿಯೂ ನಿರಾಶ್ರಿತರೇ. ನಾಜಿ ಸೇನಾಧಿಕಾರಿಯಾಗಿ ನಟಿಸಿದ ಕಾನ್ರಾಡ್ ಫೈಟ್ ಕೂಡ ನಾಜಿಗಳ ದೆಸೆಯಿಂದ ಜರ್ಮನಿ ಬಿಟ್ಟವರು. ಲಾರೆಯವರಿಗೆ ಅಮೆರಿಕದ ಪೌರತ್ವ ದೊರೆತದ್ದು ಹಿಂದಿನ ವರ್ಷ, 1941ರಲ್ಲಿ. ತೆರೆಯ ಮೇಲೆ ಅವರ ಕಣ್ಣುಗಳಲ್ಲಿ ಕಾಣುವ ಕಳವಳಕ್ಕೆ ಬಣ್ಣ ಹಚ್ಚುವ ಅಗತ್ಯವಿರಲಿಲ್ಲ.

1943ರ 'ಬ್ಯಾಕ್‌ಗ್ರೌಂಡ್ ಟು ಡೇಂಜರ್' ತುರ್ಕಿಯಲ್ಲಿ ನಡೆಯುವ ಗೂಢಚಾರರ ಕಥೆ. ಇದರಲ್ಲಿ ಗ್ರೀನ್‌ಸ್ಟ್ರೀಟ್ ನಾಜಿಗಳ ಕಡೆಯವರು, ಲಾರೆ ಸೋವಿಯತ್ ಕಡೆಯವರು. 1944ರಲ್ಲಿ 'ಪ್ಯಾಸೇಜ್ ಟು ಮಾರ್ಸೇ', 'ದಿ ಮಾಸ್ಕ್ ಆಫ್ ಡಿಮಿಟ್ರಿಯೋಸ್', 'ದಿ ಕಾನ್‌ಸ್ಪಿರೇಟರ್ಸ್', 'ಹಾಲಿವುಡ್ ಕ್ಯಾಂಟೀನ್' ಎಂಬ ನಾಲ್ಕು ಚಿತ್ರಗಳು ಒಂದರ ಹಿಂದೊಂದು ಬಂದವು. ಸೈನಿಕರ ಮನರಂಜನೆಗಾಗಿ ತಾರೆಯರು ನಡೆಸುತ್ತಿದ್ದ ಉಪಾಹಾರಮಂದಿರವನ್ನು ಕುರಿತ ಕೊನೆಯ ಚಿತ್ರದಲ್ಲಿ ಇಬ್ಬರೂ ಯಾವ ಪಾತ್ರವನ್ನೂ ವಹಿಸದೆ, ತಾವು ತಾವಾಗಿಯೇ ಕ್ಷಣಕಾಲ ಬಂದುಹೋಗುತ್ತಾರೆ. ಅಷ್ಟು ಹೊತ್ತಿಗೆ ಇವರ ಜೋಡಿ ಜನರಿಗೆ ಎಷ್ಟು ಪರಿಚಿತವಾಗಿತ್ತೆಂದರೆ, ಇವರು ಜೊತೆಯಲ್ಲಿ ಕಾಣಿಸಿಕೊಂಡರೇ ಒಂದು ವಿನೋದವೆನಿಸುತ್ತಿತ್ತು.

ಪೋಷಕರೇ ಪ್ರಧಾನರಾದಾಗ

ಈ ನಾಲ್ಕರಲ್ಲಿ 'ದಿ ಮಾಸ್ಕ್ ಆಫ್ ಡಿಮಿಟ್ರಿಯೋಸ್' ಚಿತ್ರಕ್ಕೆ ವಿಶೇಷ ಸ್ಥಾನವಿದೆ. ಎರಿಕ್ ಆಂಬ್ಲರರ ಕಾದಂಬರಿಯನ್ನಾಧರಿಸಿ ಜೀನ್ ನೆಗುಲೆಸ್ಕೊ ನಿರ್ದೇಶಿಸಿದ ಈ ಚಿತ್ರದಲ್ಲಿ ರೂಢಿಯ ನಾಯಕನೇ ಇಲ್ಲ. ಇಸ್ತಾಂಬುಲಿನಲ್ಲಿ ದೊರೆತ ಶವವೊಂದರ ಪೂರ್ವವೃತ್ತಾಂತವನ್ನು ಹುಡುಕಿ ಊರೂರು ಅಲೆಯುವ ಪತ್ತೇದಾರಿ ಕಾದಂಬರಿಕಾರ ಲೈಡನ್ ಆಗಿ ಲಾರೆ. ಅದೇ ಮನುಷ್ಯನ ಮೇಲೆ ಹಳೆಯ ಹಗೆ ತೀರಿಸಿಕೊಳ್ಳಬೇಕಾದ ಪೀಟರ್ಸ್ ಆಗಿ ಗ್ರೀನ್‌ಸ್ಟ್ರೀಟ್. ತೆರೆಯ ಮೇಲೆ ಅತಿ ಹೆಚ್ಚು ಹೊತ್ತು ಇರುವವರು ಲಾರೆಯೇ ಆದರೂ ಹೆಸರುಗಳ ಪಟ್ಟಿಯಲ್ಲಿ ಅವರದು ನಾಲ್ಕನೆಯ ಸ್ಥಾನ. ಗ್ರೀನ್‌ಸ್ಟ್ರೀಟರದು ಮೊದಲನೆಯದು. ಜ್ಯೇಷ್ಠತೆಯ ಪಟ್ಟಿಗೂ ಮಾಡಿದ ಕೆಲಸಕ್ಕೂ ತಾಳೆಯಾಗದಿರುವುದು ಎಲ್ಲ ಕಚೇರಿಗಳಲ್ಲಿಯೂ ಉಂಟು.

ಪೀಟರ್ಸ್ ಮಾತೆತ್ತಿದರೆ ಜಗತ್ತಿನಲ್ಲಿ ದಯೆ ಸಾಲದೆಂದು ಕೊರಗುವ ಮನುಷ್ಯ. ಆದರೆ ಲೈಡನ್ನನ ಹೋಟೆಲು ಕೋಣೆಯನ್ನು ತಲೆಕೆಳಗು ಮಾಡಿ, ಕೈಯಲ್ಲಿ ಪಿಸ್ತೂಲು ಹಿಡಿದು ಕೂರುವವನೂ ಅವನೇ. ಲೈಡನ್ ಪುಸ್ತಕಗಳಲ್ಲಿ ಮಾತ್ರ ಕೊಲೆಗಳನ್ನು ಕಂಡವನು. ನಿಜವಾದ ಕೇಡನ್ನು ಕಂಡು ಕಂಗಾಲಾಗುವ ಸಾತ್ವಿಕ. ಹಗೆತನದ ಹಣಕ್ಕಾಗಿ ಹೂಡಿದ ಸಂಚಿನಲ್ಲಿ ಈ ಇಬ್ಬರ ನಡುವೆ ಮೆಲ್ಲಮೆಲ್ಲನೆ ಸ್ನೇಹ ಕುದುರುತ್ತದೆ. ಕೊನೆಯಲ್ಲಿ ಪೀಟರ್ಸ್‌ಗೆ ಗುಂಡು ತಗಲಿದಾಗ, ಎಂದೂ ಯಾರ ಮೇಲೂ ಕೈಯೆತ್ತದ ಲೈಡನ್ ತನ್ನ ಸ್ನೇಹಿತನಿಗಾಗಿ ಆ ಪಾತಕಿಯ ಮೇಲೆ ಎರಗುತ್ತಾನೆ. ಸೆರೆಮನೆಗೆ ಹೊರಟ ಪೀಟರ್ಸ್, ಪುಸ್ತಕ ಬರೆದಾಗ ತನಗೊಂದು ಪ್ರತಿ ಕಳಿಸಬೇಕೆಂದೂ, ಓದಲು ಇನ್ನು ಬೇಕಾದಷ್ಟು ಬಿಡುವಿರುತ್ತದೆಂದೂ ನಗುತ್ತ ಹೇಳಿಹೋಗುತ್ತಾನೆ. 'ಎಂ' ಚಿತ್ರದ ಕೊಲೆಗಾರನೆಂಬ ಮುದ್ರೆಯಿಂದ ಬಿಡಿಸಿಕೊಳ್ಳಲಾಗದಿದ್ದ ಲಾರೆ, ಇಲ್ಲಿ ಒಬ್ಬ ಸಾಧಾರಣ ಸಜ್ಜನನಾಗಿ ಕಾಣುವುದಕ್ಕೆ ಪಕ್ಕದಲ್ಲಿ ಗ್ರೀನ್‌ಸ್ಟ್ರೀಟರ ನೆರಳು ಬೇಕಾಯಿತು.

1946ರ 'ಥ್ರೀ ಸ್ಟ್ರೇಂಜರ್ಸ್' ಕೂಡ ನೆಗುಲೆಸ್ಕೊ ಅವರದೇ. ಕಥೆ ಹೆಣೆದವರು ಜಾನ್ ಹ್ಯೂಸ್ಟನ್ ಮತ್ತು ಹೊವಾರ್ಡ್ ಕಾಕ್. ಚೀನೀ ಹೊಸವರ್ಷದ ರಾತ್ರಿ ಮೂವರು ಅಪರಿಚಿತರು ಕ್ವಾನ್ ಯಿನ್ ದೇವಿಯ ವಿಗ್ರಹದ ಮುಂದೆ ಕಲೆತು, ಕುದುರೆ ಪಂದ್ಯದ ಲಾಟರಿ ಚೀಟಿಯೊಂದರಲ್ಲಿ ಪಾಲುದಾರರಾಗುತ್ತಾರೆ. ಗ್ರೀನ್‌ಸ್ಟ್ರೀಟರದು ವಿಶ್ವಸ್ತನಿಧಿಯ ಹಣವನ್ನು ಷೇರುವ್ಯವಹಾರದಲ್ಲಿ ತೊಡಗಿಸಿ ಕಳೆದುಕೊಂಡ ವಕೀಲನ ಪಾತ್ರ. ಇನ್ನೊಬ್ಬರ ಹಣ ನೋಡಿಕೊಳ್ಳುವ ವೃತ್ತಿಯಲ್ಲಿರುವ ಯಾರೇ ಆಗಲಿ, ಆ ಮರ್ಯಾದಸ್ಥ ಮನುಷ್ಯ ಹಂತಹಂತವಾಗಿ ಕುಸಿಯುವುದನ್ನು ನಿಶ್ಚಿಂತೆಯಿಂದ ನೋಡಲಾರರು. ಲಾರೆಯವರದು ಕುಡಿತಕ್ಕೆ ಬಿದ್ದರೂ ಒಳ್ಳೆಯತನ ಬಿಡದ ಜಾನಿ ವೆಸ್ಟ್‌ನ ಪಾತ್ರ. ಚೀಟಿಗೆ ಅದೃಷ್ಟ ಒಲಿಯುತ್ತದೆ. ಆದರೆ ಅಷ್ಟರಲ್ಲಿ ಕೊಲೆಯೊಂದು ನಡೆದಿದ್ದು, ಚೀಟಿಯನ್ನು ಹೊರತೆಗೆದರೆ ಅದೇ ಸಾಕ್ಷಿಯಾಗುವ ಸ್ಥಿತಿ ಬಂದಿರುತ್ತದೆ. ಜಾನಿ ಅದನ್ನು ಸುಟ್ಟುಬಿಡುತ್ತಾನೆ. ಏನೂ ಇಲ್ಲದವನು ಕೈಗೆ ಬಂದದ್ದನ್ನೂ ಬಿಟ್ಟು ಹಗುರಾಗುವ ಆ ಗಳಿಗೆಯಲ್ಲಿ ಲಾರೆಯವರ ಮುಖ ನೋಡುವಂತಿದೆ.

ಅದೇ ವರ್ಷದ 'ದಿ ವರ್ಡಿಕ್ಟ್' ಇವರ ಒಂಬತ್ತನೆಯ ಹಾಗೂ ಕೊನೆಯ ಚಿತ್ರ. ಡಾನ್ ಸೀಗಲ್ ನಿರ್ದೇಶಿಸಿದ ಮೊದಲ ಪೂರ್ಣ ಪ್ರಮಾಣದ ಚಿತ್ರವೂ ಅದೇ. 1890ರ ಲಂಡನ್ನಿನಲ್ಲಿ ನಿರಪರಾಧಿಯೊಬ್ಬನು ತನ್ನ ತಪ್ಪಿನಿಂದ ಗಲ್ಲಿಗೇರಿದನೆಂದು ತಿಳಿದು ಹುದ್ದೆ ಕಳೆದುಕೊಳ್ಳುವ ಪೋಲೀಸ್ ಅಧಿಕಾರಿಯಾಗಿ ಗ್ರೀನ್‌ಸ್ಟ್ರೀಟ್, ಅವನ ಪುಸ್ತಕಕ್ಕೆ ಚಿತ್ರ ಬರೆಯುವ ಗೆಳೆಯನಾಗಿ ಲಾರೆ. ಮುಂದೆ ನಡೆಯುವ ಕೊಲೆಯ ಗುಟ್ಟನ್ನು ಚಿತ್ರ ನೋಡದವರಿಗಾಗಿ ಬಿಡುವುದು ಲೇಸು. ಇಲ್ಲಿ ಇಬ್ಬರ ಹೆಸರೂ ಚಿತ್ರದ ತಲೆಯ ಮೇಲಿದೆ. ಪೋಷಕರೇ ಪ್ರಧಾನರಾಗಿದ್ದರು.

ಎರಡು ಬಗೆಯ ಅಭಿನಯ

ಇವರ ಅಭಿನಯದ ರೀತಿ ದೇಹಗಳಷ್ಟೇ ಭಿನ್ನ. ಗ್ರೀನ್‌ಸ್ಟ್ರೀಟ್ ರಂಗಭೂಮಿಯ ಶಿಸ್ತಿನವರು. ಮಾತು ಅಕ್ಷರಶಃ ಕಂಠಸ್ಥವಾಗಿರಬೇಕು, ನಿಂತ ಜಾಗ ಕದಲಬಾರದು. ಲಾರೆ ಆ ಗಳಿಗೆಗೆ ಹೊಳೆದದ್ದನ್ನು ಸೇರಿಸಿ ಎದುರಿನವರನ್ನು ತಬ್ಬಿಬ್ಬುಗೊಳಿಸುವ ಸ್ವಭಾವದವರು. ಒಬ್ಬರು ತಾಳ ತಪ್ಪದ ಮೃದಂಗದವರಾದರೆ, ಇನ್ನೊಬ್ಬರು ತಾಳದ ಸುತ್ತ ಸುಳಿದಾಡುವ ಗಾಯಕರು. ತಾಳ ಗಟ್ಟಿಯಾಗಿದ್ದುದರಿಂದಲೇ ಗಾಯಕನ ವಿಹಾರಕ್ಕೆ ಅರ್ಥ ಬಂತು. ಗಾಯಕನ ಚೇಷ್ಟೆಯಿಂದಲೇ ತಾಳಕ್ಕೆ ಲವಲವಿಕೆ ಬಂತು. ಒಬ್ಬರು ಮಾತನಾಡುವಾಗ ಇನ್ನೊಬ್ಬರು ಕೇಳಿಸಿಕೊಳ್ಳುವ ರೀತಿಯನ್ನು ಗಮನಿಸಬೇಕು. ಕೇಳುವುದೂ ಒಂದು ಅಭಿನಯವೆಂಬುದು ಆಗ ಮನವರಿಕೆಯಾಗುತ್ತದೆ.

ದೇಹವೆಂಬ ಬಂಡವಾಳ

ತೆರೆಯ ಮೇಲೆ ಯಾವ ದೇಹ ಇವರಿಗೆ ಬಂಡವಾಳವಾಗಿತ್ತೋ ಅದೇ ದೇಹ ತೆರೆಯ ಹಿಂದೆ ಸಾಲವಾಗಿ ಕಾಡಿತು. ಗ್ರೀನ್‌ಸ್ಟ್ರೀಟರಿಗೆ ಸಕ್ಕರೆ ಕಾಯಿಲೆಯಿತ್ತು. ಜೊತೆಗೆ ಬ್ರೈಟ್ಸ್ ರೋಗವೆಂದು ಅಂದು ಕರೆಯುತ್ತಿದ್ದ ಮೂತ್ರಪಿಂಡಗಳ ಉರಿಯೂತ. ಈ ರೋಗಲಕ್ಷಣಗಳನ್ನು 1827ರಲ್ಲಿ ವಿವರಿಸಿದ ಇಂಗ್ಲಿಷ್ ವೈದ್ಯ ರಿಚರ್ಡ್ ಬ್ರೈಟ್ ಅವರಿಂದ ಬಂದ ಹೆಸರದು. ಇಂದಿನ ವೈದ್ಯಶಾಸ್ತ್ರ ಅದನ್ನು ಹಲವು ಬೇರೆ ಬೇರೆ ರೋಗಗಳಾಗಿ ವಿಂಗಡಿಸಿದೆ. ರಕ್ತದ ಸಕ್ಕರೆ ಬಹುಕಾಲ ಹತೋಟಿ ತಪ್ಪಿದರೆ ಮೂತ್ರಪಿಂಡಗಳ ಸೂಕ್ಷ್ಮ ರಕ್ತನಾಳಗಳು ಹಾಳಾಗುತ್ತವೆ. ಮೊದಮೊದಲು ಇದು ನೋವಾಗಲಿ ಸೂಚನೆಯಾಗಲಿ ಇಲ್ಲದೆ ನಡೆಯುವುದರಿಂದ, ವಯಸ್ಸು ನಲವತ್ತು ದಾಟಿದವರು, ಅದರಲ್ಲಿಯೂ ಕುರ್ಚಿಯಲ್ಲಿ ಕುಳಿತು ಕೆಲಸ ಮಾಡುವವರು, ರಕ್ತ, ಮೂತ್ರ ಮತ್ತು ರಕ್ತದೊತ್ತಡದ ಪರೀಕ್ಷೆಗಳನ್ನು ಕಾಲಕಾಲಕ್ಕೆ ಮಾಡಿಸಿಕೊಳ್ಳಬೇಕೆಂದು ವೈದ್ಯರು ಹೇಳುತ್ತಾರೆ. ಎಂಟು ವರ್ಷಗಳಲ್ಲಿ ಸುಮಾರು ಎರಡು ಡಜನ್ ಚಿತ್ರಗಳನ್ನು ಮುಗಿಸಿದ ಗ್ರೀನ್‌ಸ್ಟ್ರೀಟ್ 1949ರ ನಂತರ ಚಿತ್ರರಂಗ ಬಿಟ್ಟರು. ಬಳಿಕ ನೀರೋ ವುಲ್ಫ್ ಎಂಬ ಪತ್ತೇದಾರನಾಗಿ ರೇಡಿಯೋದಲ್ಲಿ ಕೆಲಕಾಲ ದನಿ ಕೊಟ್ಟು, 1954ರ ಜನವರಿ 18ರಂದು 74ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಲಾರೆಯವರ ಸಂಕಟ ಇನ್ನೂ ಗೂಢವಾದುದು. ಯೌವನದಲ್ಲಿ ಉದರವ್ಯಾಧಿಯ ನೋವಿಗೆ ಕೊಟ್ಟ ಮಾರ್ಫಿನ್ ಔಷಧ ಚಟವಾಗಿ ಬೆಳೆದು ಅವರನ್ನು ವರ್ಷಗಟ್ಟಲೆ ಪೀಡಿಸಿತು. ನೋವು ಹೋದ ಮೇಲೂ ದೇಹ ಔಷಧವನ್ನೇ ಬೇಡುವ ಈ ಸ್ಥಿತಿ ಶೀಲದ ದೋಷವಲ್ಲ, ಚಿಕಿತ್ಸೆ ಬೇಕಾದ ಕಾಯಿಲೆ ಎಂಬ ತಿಳಿವಳಿಕೆ ಅಂದು ವಿರಳವಾಗಿತ್ತು. ಅವರು ಮತ್ತೆ ಮತ್ತೆ ಚಿಕಿತ್ಸೆಗೆ ಸೇರಿದರು, ಮತ್ತೆ ಮತ್ತೆ ಎದ್ದು ಕೆಲಸಕ್ಕೆ ಬಂದರು.

ಜೋಡಿ ಅಗಲಿದ ಮೇಲೆ

1946ರಲ್ಲಿ ಲಾರೆ ಮತ್ತು ವಾರ್ನರ್ ಸಂಸ್ಥೆಯ ಸಂಬಂಧ ಮುಗಿಯಿತು. ಚಿತ್ರಮಂದಿರಗಳ ಒಡೆತನವನ್ನು ದೊಡ್ಡ ಸಂಸ್ಥೆಗಳು ಬಿಟ್ಟುಕೊಡಬೇಕಾಗುವಂಥ ತೀರ್ಪನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1948ರಲ್ಲಿ ನೀಡಿತು. ಅದರ ಹಿಂದೆಯೇ ದೂರದರ್ಶನ ಬಂತು. ಸಂಬಳಪಟ್ಟಿಯ ಮೇಲೆ ನಟರನ್ನು ಇಟ್ಟುಕೊಳ್ಳುವ ಪದ್ಧತಿ ಕ್ರಮೇಣ ಕರಗಿತು. ಅದರೊಡನೆ ಇಂಥ ಜೋಡಿಗಳು ಹುಟ್ಟುವ ನೆಲವೂ ಹೋಯಿತು.

1949ರಲ್ಲಿ ಲಾರೆ ದಿವಾಳಿ ಅರ್ಜಿ ಸಲ್ಲಿಸಬೇಕಾಯಿತು. ಜರ್ಮನಿಗೆ ಮರಳಿ 1951ರಲ್ಲಿ 'ಡೆರ್ ಫರ್‌ಲೋರೆನೆ' ಎಂಬ ಚಿತ್ರವನ್ನು ತಾವೇ ನಿರ್ದೇಶಿಸಿ ನಟಿಸಿದರು. ಯುದ್ಧದಲ್ಲಿ ಸೋತ ಜನಕ್ಕೆ ತಮ್ಮ ಅಪರಾಧದ ಕನ್ನಡಿ ನೋಡುವ ಮನಸ್ಸಿರಲಿಲ್ಲ, ಚಿತ್ರ ಓಡಲಿಲ್ಲ. ಅವರು ನಿರ್ದೇಶಿಸಿದ್ದು ಅದೊಂದೇ. ಅಮೆರಿಕಕ್ಕೆ ಹಿಂದಿರುಗಿ ಸಣ್ಣಪುಟ್ಟ ಪಾತ್ರಗಳಲ್ಲಿ, ಕೊನೆಗೆ ಭಯಾನಕ ಕಥೆಗಳನ್ನೇ ಹಾಸ್ಯವಾಗಿಸಿದ ಚಿತ್ರಗಳಲ್ಲಿ ನಟಿಸಿ, 1964ರ ಮಾರ್ಚ್ 23ರಂದು ಮೆದುಳಿನ ಆಘಾತದಿಂದ ನಿಧನರಾದರು. ಆಗ ಅವರಿಗೆ 59 ವರ್ಷ. ಗ್ರೀನ್‌ಸ್ಟ್ರೀಟ್ ಮೊದಲ ಚಿತ್ರದಲ್ಲಿ ನಟಿಸಿದ ವಯಸ್ಸಿಗಿಂತಲೂ ಕಡಿಮೆ.

1989ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆ ಪಟ್ಟಿಗೆ ಮೊದಲ ಬಾರಿಗೆ 25 ಚಿತ್ರಗಳನ್ನು ಆರಿಸಿದಾಗ 'ದಿ ಮಾಲ್ಟೀಸ್ ಫಾಲ್ಕನ್' ಮತ್ತು 'ಕ್ಯಾಸಾಬ್ಲಾಂಕ' ಎರಡೂ ಅದರಲ್ಲಿದ್ದವು. ಇಂದು ಇವರ ಹೆಚ್ಚಿನ ಚಿತ್ರಗಳನ್ನು ಮನೆಯಲ್ಲಿ ಕುಳಿತೇ ನೋಡುವುದು ಸಾಧ್ಯ. ನೋಡುವವರು ಒಮ್ಮೆಯಾದರೂ ನಾಯಕನ ಮೇಲಿನ ಕಣ್ಣು ತೆಗೆದು, ಪಕ್ಕದಲ್ಲಿ ನಿಂತ ಈ ಇಬ್ಬರನ್ನು ಗಮನಿಸಬೇಕು.

ಒಬ್ಬರು ಭಾಷೆ ಬಾರದ ಊರಿಗೆ ಪ್ರಾಣ ಉಳಿಸಿಕೊಳ್ಳಲು ಬಂದವರು. ಇನ್ನೊಬ್ಬರು ವಯಸ್ಸು ಮೀರಿದ ಮೇಲೆ ಹೊಸ ಕಸುಬಿಗೆ ಇಳಿದವರು. ಒಂಟಿಯಾಗಿದ್ದರೆ ಒಬ್ಬರು ಬರಿಯ ಭೂತವಾಗಿ, ಇನ್ನೊಬ್ಬರು ಬರಿಯ ದಪ್ಪ ಮನುಷ್ಯನಾಗಿ ಉಳಿಯುವ ಅಪಾಯವಿತ್ತು. ಜೊತೆಗೂಡಿದಾಗ ಇಬ್ಬರೂ ಮನುಷ್ಯರಾಗಿ ಕಂಡರು. ಸಂಸಾರದಲ್ಲಿ, ಕಚೇರಿಯಲ್ಲಿ, ಸಂಘಸಂಸ್ಥೆಗಳಲ್ಲಿ ಎಲ್ಲರಿಗೂ ನಾಯಕನ ಪಾತ್ರ ದೊರೆಯುವುದಿಲ್ಲ. ದೊರೆಯಬೇಕಾದ ಅಗತ್ಯವೂ ಇಲ್ಲ. ಪಕ್ಕದವನ ಮಾತನ್ನು ಮನಗೊಟ್ಟು ಕೇಳಿ, ಅವನು ಒಡೆದದ್ದನ್ನು ಜೋಡಿಸಿ, ಅವನಿಗೆ ಎಡೆ ಬಿಟ್ಟು ನಿಲ್ಲುವವನಿಗೆ ನಮ್ಮ ಭಾಷೆ ಕೊಟ್ಟಿರುವ ಹೆಸರು ಪೋಷಕ. ಅದು ಎರಡನೆಯ ದರ್ಜೆಯ ಹೆಸರಲ್ಲ.